ಮನೆಯಲ್ಲೇ ಕಾರಿನ ಎಂಜಿನ್ ಕಟ್ಟುವುದು, ಆಯಿಲ್ ತೊಂದರೆ ಸರಿಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕರಾವಳಿಯ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಹಳೆಯ ಮಾರುತಿ 800, ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಇನ್ನೂ ಇವೆ. ಮಾರಲು ಮನಸ್ಸಿಲ್ಲ. ಓಡಿಸಲು ಹೊರಟರೆ ನೀಲಿ ಹೊಗೆ, ಇಲ್ಲವೇ ಆಯಿಲ್ ಲೈಟು. ಅಂಥವರು ಎದುರು ಸಿಕ್ಕಾಗ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಉತ್ತರಗಳಲ್ಲಿ ಹೆಚ್ಚಾಗಿ ಮಾರುತಿ 800ರ 796 ಸಿಸಿ ಪೆಟ್ರೋಲ್ ಎಂಜಿನನ್ನೇ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಕೇಳುವವರಲ್ಲಿ ಹೆಚ್ಚಿನವರ ಹತ್ತಿರ ಇರುವುದು ಅದೇ. ಬೇರೆ ಎಂಜಿನ್ ಆದರೆ ಅಳತೆಗಳನ್ನು ಅದರ ಸರ್ವಿಸ್ ಮ್ಯಾನುಯಲ್ ನೋಡಿ ತೆಗೆದುಕೊಳ್ಳಿ.

## ಕೈ ಹಾಕುವ ಮೊದಲು

ನಾನು ಮೆಕ್ಯಾನಿಕ್ ಅಲ್ಲ. ಮನೆಯಲ್ಲಿ ಎಂಜಿನ್ ಕಟ್ಟಲಿಕ್ಕೆ ಆಗ್ತದಾ?

ಆಗುತ್ತದೆ. ಆದರೆ ಎಲ್ಲ ಕೆಲಸವೂ ಮನೆಯಲ್ಲಿ ಆಗುವುದಿಲ್ಲ. ಬಿಚ್ಚುವುದು, ತೊಳೆಯುವುದು, ಅಳೆಯುವುದು, ವಾಲ್ವ್ ಉಜ್ಜಿ ಕೂರಿಸುವುದು, ಮತ್ತೆ ಕಟ್ಟುವುದು ನಿಮ್ಮ ಪಾಲು. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ) ಕೊರೆಯುವುದು, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ) ಗ್ರೈಂಡಿಂಗ್, ಹೆಡ್ (ಸಿಲಿಂಡರ್‌ಗಳ ಮೇಲಿನ ಭಾಗ) ಫೇಸಿಂಗ್ ಅಂದರೆ ತಳ ಸಮ ಮಾಡುವುದು, ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ) ಬದಲಾವಣೆ ಲೇತಿನವರ ಪಾಲು. ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದಂಥ ಕೈಗಾರಿಕಾ ಪ್ರದೇಶಗಳ ಕಡೆ ವಿಚಾರಿಸಿ. ಎಂಜಿನ್ ಕೆಲಸವನ್ನೇ ಮಾಡುವ ಲೇತ್ ಯಾವುದು ಎಂದು ಹಳೆಯ ಮೆಕ್ಯಾನಿಕ್‌ಗಳಿಗೆ ಗೊತ್ತಿರುತ್ತದೆ. ಗೇಟು, ಗ್ರಿಲ್ ಮಾಡುವ ಅಂಗಡಿಗೆ ಕ್ರ್ಯಾಂಕ್ ಕೊಡಬೇಡಿ.

ಗ್ಯಾರೇಜಿನಲ್ಲಿ "ಎಂಜಿನ್ ಹೋಗಿದೆ, ಇಳಿಸಬೇಕು" ಹೇಳ್ತಾರೆ. ನಂಬುವುದಾ?

ಪರೀಕ್ಷೆ ಮಾಡಿ ನಂಬಿ. ಎಂಜಿನ್ ಬಿಸಿಯಾದ ಮೇಲೆ ಎಲ್ಲ ಪ್ಲಗ್ ತೆಗೆಯಿರಿ, ಇಗ್ನಿಷನ್ ಕನೆಕ್ಷನ್ ಬಿಡಿಸಿ, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದು (ಸ್ಟಾರ್ಟರ್ ತಿರುಗಿಸಿ), ಪ್ಲಗ್ಗಿನ ತೂತಿಗೆ ಹಾಕಿದ ಕಂಪ್ರೆಶನ್ ಗೇಜ್ ನೋಡಿ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ರೀಡಿಂಗ್ ಚೆನ್ನಾಗಿ ಏರಿದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಅಥವಾ ಬೋರ್ ಸವೆದಿದೆ. ಏರದಿದ್ದರೆ ತೊಂದರೆ ಮೇಲಿದೆ: ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಹಾಗಿದ್ದರೆ ಹೆಡ್ ಮಾತ್ರ ಬಿಚ್ಚಿದರೆ ಸಾಕು, ಎಂಜಿನ್ ಇಳಿಸುವುದೇ ಬೇಡ. ಈ ಒಂದು ಪರೀಕ್ಷೆ ಮಾಡದೆ ಪೂರ್ತಿ ಬಿಚ್ಚಿಸಿಕೊಂಡವರು ತುಂಬಾ ಜನ. ನನಗೆ ಬೇಸರವಾಗುವುದು ಅದಕ್ಕೇ.

ಕಲಿಯಲಿಕ್ಕೆ ಯಾವ ಎಂಜಿನ್ ಒಳ್ಳೇದು?

ಮಾರುತಿ 800. ಮೂರೇ ಸಿಲಿಂಡರ್, ಆರು ವಾಲ್ವ್, ಒಂದು ಕ್ಯಾಮ್ (ವಾಲ್ವ್ ತೆರೆಯುವ ದಂಡ), 68.5 ಮಿ.ಮೀ. ಬೋರ್, 72 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ). 1983ರ ಡಿಸೆಂಬರಿನಲ್ಲಿ ಬಂದ ಕಾರು 2014ರ ಜನವರಿವರೆಗೆ ತಯಾರಾಯಿತು, ಹಾಗಾಗಿ ಬಿಡಿಭಾಗ ಈಗಲೂ ಸಿಗುತ್ತದೆ. ಪದ್ಮಿನಿಯ 1089 ಸಿಸಿ, ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್‌ಗಳೂ ಸರಳವೇ. ಆದರೆ ಅವುಗಳ ಒಳ್ಳೆ ಬೇರಿಂಗ್ (ಕ್ರ್ಯಾಂಕ್ ಕೂತು ತಿರುಗುವ ಅರ್ಧ ಬಳೆಗಳು), ಪಿಸ್ಟನ್ ಹುಡುಕಲು ಸಮಯ ಬೇಕು.

ಈಗಿನ ಟರ್ಬೊ ಡೀಸೆಲ್ ಎಂಜಿನ್‌ನಿಂದ ಶುರು ಮಾಡಬೇಡಿ. ಒಮ್ಮೆ ಮಾತ್ರ ಬಳಸಬಹುದಾದ ಬೋಲ್ಟು, ಟೈಮಿಂಗ್ ಕೂರಿಸಲು ಬೇಕಾದ ವಿಶೇಷ ಪಿನ್ನು, ಟರ್ಬೊದ ಆಯಿಲ್ ಪೈಪು ಎಲ್ಲ ಸೇರಿ ಮೊದಲ ಸಲ ಕಟ್ಟುವವರಿಗೆ ಭಾರವಾಗುತ್ತದೆ.

ಮಳೆಗಾಲದಲ್ಲಿ ರಜೆ ಸಿಗ್ತದೆ. ಆಗ ಶುರು ಮಾಡಬಹುದಾ?

ಬಿಚ್ಚಬಹುದು, ಕಟ್ಟುವುದು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯಲ್ಲಿರುವ ತೇವಕ್ಕೆ, ಹೋನಿಂಗ್ ಆದ (ಕಲ್ಲಿನಿಂದ ಉಜ್ಜಿ ಗೆರೆ ಮಾಡಿದ) ಹೊಸ ಬೋರನ್ನು ಬರಿದಾಗಿ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಕೆಂಪು ತುಕ್ಕು ಕಾಣುತ್ತದೆ. ಮಲ್ಪೆ, ಕಾಪು, ಸುರತ್ಕಲ್‌ನಂತೆ ಕಡಲಿಗೆ ಹತ್ತಿರದ ಮನೆಯಾದರೆ ಉಪ್ಪುಗಾಳಿಯೂ ಸೇರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಪ್ರತಿ ಭಾಗಕ್ಕೂ ಆಯಿಲ್ ಸವರಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಬೇಸಿಗೆಯ ತೊಂದರೆ ಬೇರೆ, ಅದು ಧೂಳು. ಜಂಬಿಟ್ಟಿಗೆ ಮಣ್ಣಿನ ಕೆಂಪು ಧೂಳು ಬೇರಿಂಗಿಗೆ ವಿಷ. ಅಡಿಕೆ ಒಣಗಲು ಹಾಕಿದ ಅಂಗಳದ ಪಕ್ಕ ಕ್ರ್ಯಾಂಕ್ ಕೂರಿಸಬೇಡಿ. ಬಾಗಿಲು ಹಾಕಬಹುದಾದ ಒಂದು ಕೋಣೆ ಮಾಡಿಕೊಳ್ಳಿ.

ಯಾವ ಸಾಮಾನು ತೆಗೆದುಕೊಳ್ಳಬೇಕು?

ಸ್ಪ್ಯಾನರ್, ಸಾಕೆಟ್ ಸೆಟ್ ಹೇಗೂ ಬೇಕು. ಅದಕ್ಕಿಂತ ಮುಖ್ಯ ಒಳ್ಳೆಯ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಎಂದು ತೋರಿಸುವುದು), ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು), 0.01 ಮಿ.ಮೀ. ತೋರಿಸುವ ಮೈಕ್ರೊಮೀಟರ್, ಮುಳ್ಳಿನ ಆಯಿಲ್ ಪ್ರೆಶರ್ ಗೇಜ್ ಮತ್ತು ಪ್ಲಾಸ್ಟಿಗೇಜ್ ಎಂಬ ತೆಳು ಮೇಣದ ಎಳೆ. ದುಡ್ಡು ಕಡಿಮೆ ಇದ್ದರೆ ಬಣ್ಣಬಣ್ಣದ ಟೂಲ್ ಬಾಕ್ಸ್ ಬಿಡಿ, ಅಳತೆಯ ಸಾಮಾನು ಬಿಡಬೇಡಿ.

ಎಂಜಿನ್ ಎತ್ತಲು ಚೈನ್ ಬ್ಲಾಕ್ ಬಾಡಿಗೆಗೆ ಸಿಗುತ್ತದೆ. ಅದನ್ನು ಹಂಚಿನ ಮಾಡಿನ ಪಕ್ಕಾಸಿಗೆ ನೇತು ಹಾಕಬೇಡಿ. ಹಳೆಯ ಮರ ಒಳಗೆ ಗೆದ್ದಲು ತಿಂದಿದ್ದರೆ ಹೊರಗಿಂದ ಗೊತ್ತಾಗುವುದಿಲ್ಲ. ಕಬ್ಬಿಣದ ಮೂರು ಕಾಲಿನ ಸ್ಟ್ಯಾಂಡ್ ತರಿಸಿ. ಜ್ಯಾಕ್ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ಯಾರೂ ಹೋಗಬಾರದು.

ಎಂಜಿನ್ ಕಟ್ಟಿದ್ರೆ ಆರ್‌ಟಿಓಗೆ ಹೇಳಬೇಕಾ?

ಅದೇ ಬ್ಲಾಕಿಗೆ (ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ಭಾಗಕ್ಕೆ) ಬೋರ್ ಮಾಡಿಸಿ, ಪಿಸ್ಟನ್, ಬೇರಿಂಗ್ ಹಾಕಿದರೆ ಬೇಡ. ಎಂಜಿನ್ ನಂಬರ್ ಬದಲಾಗುವುದಿಲ್ಲವಲ್ಲ. ಬೇರೆ ಎಂಜಿನ್ ತಂದು ಕೂರಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ದಾಖಲು ಮಾಡಿಸಬೇಕು. ಕೆಎ-19 ಆದರೆ ಮಂಗಳೂರು, ಕೆಎ-20 ಆದರೆ ಉಡುಪಿ ಕಚೇರಿ. ಗುಜರಿಯಿಂದ ಎಂಜಿನ್ ತರುವವರು ಅದರ ಬಿಲ್ಲು, ಕಾಗದ ಕೇಳಿ ತನ್ನಿ.

## ಹೊಗೆ, ಸದ್ದು, ಸೋರಿಕೆ

ನೀಲಿ ಹೊಗೆ ಬರ್ತದೆ. ರಿಂಗ್ ಹೋಗಿದೆ ಅಂತಲೇ ಅರ್ಥವಾ?

ಯಾವಾಗ ಬರುತ್ತದೆ ಎಂದು ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಗುಪ್ಪೆ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿದೆ. ರಾತ್ರಿ ಆಯಿಲ್ ಗೈಡ್ ಮೂಲಕ ಇಳಿದು ಕೂತಿರುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಕಾಲು ತೆಗೆದು ಗೇರಿನಲ್ಲೇ ಬಂದು, ಕೆಳಗೆ ಮತ್ತೆ ಒತ್ತಿದಾಗ ಹಿಂದೆ ನೀಲಿ ಮೋಡ ಕಂಡರೆ ಗೈಡ್ ಸವೆದಿದೆ. ಏರಿನಲ್ಲಿ, ಭಾರ ಎಳೆಯುವಾಗ ಬಿಡದೆ ಬಂದರೆ ಮಾತ್ರ ರಿಂಗ್, ಬೋರ್ ಮೇಲೆ ಅನುಮಾನ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸಬುಸ ಗಾಳಿ ಬಂದರೆ, ಅಂದರೆ ಬ್ಯಾಕ್ ಕಂಪ್ರೆಶನ್ ಇದ್ದರೆ, ಅನುಮಾನ ಗಟ್ಟಿಯಾಗುತ್ತದೆ.

ಕಪ್ಪು ಹೊಗೆ ಪೆಟ್ರೋಲಿನದು. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಜೊತೆಗೆ ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿ.

ಆಯಿಲ್ ಕ್ಯಾಪಿನ ಒಳಗೆ ಬಿಳಿ ಕೆನೆ ಹಾಗೆ ಉಂಟು. ನೀರು ಸೇರಿದೆಯಾ?

ಮಳೆಗಾಲದಲ್ಲಿ ಹಾಲಿನ ಡೈರಿಗೆ, ದೇವಸ್ಥಾನಕ್ಕೆ ಎಂದು ಎರಡು-ಮೂರು ಕಿಲೊಮೀಟರ್ ಮಾತ್ರ ಓಡುವ ಕಾರಿನಲ್ಲಿ ಇದು ಸಾಮಾನ್ಯ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಕ್ಯಾಪಿಗೆ ಅಂಟುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ. ಅಲ್ಲಿನ ಆಯಿಲ್ ಶುದ್ಧವಿದ್ದು, ರೇಡಿಯೇಟರ್ ನೀರು ಇಳಿಯದಿದ್ದರೆ ಹೆದರಬೇಡಿ. ಕ್ಯಾಪ್ ಒರೆಸಿ, ಒಮ್ಮೆ ಮಂಗಳೂರಿನಿಂದ ಉಡುಪಿವರೆಗೆ ಓಡಿಸಿ ನೋಡಿ. ಡಿಪ್‌ಸ್ಟಿಕ್ಕಿನಲ್ಲೂ ಕಾಫಿ ಬಣ್ಣ ಕಂಡರೆ ಆ ಕ್ಷಣವೇ ಓಡಿಸುವುದು ನಿಲ್ಲಿಸಿ.

ಆಯಿಲ್ ಕಡಿಮೆ ಆಗುವ ಬದಲು ಜಾಸ್ತಿ ಆಗ್ತಾ ಉಂಟು. ಇದೆಂತದು?

ಡಿಪ್‌ಸ್ಟಿಕ್ ಮೂಸಿ ನೋಡಿ. ಕಾರ್ಬುರೇಟರ್ ಇರುವ ಹಳೆಯ 800ರಲ್ಲಿ ಪೆಟ್ರೋಲ್ ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ. ಅದರೊಳಗಿನ ಡಯಾಫ್ರಮ್ (ತೆಳು ಪೊರೆ) ಹರಿದರೆ ಪೆಟ್ರೋಲ್ ನೇರ ಎಂಜಿನ್ ಒಳಗೆ ಇಳಿದು ಆಯಿಲಿಗೆ ಸೇರುತ್ತದೆ. ಆಯಿಲ್ ನೀರಾಗುತ್ತದೆ, ಬೇರಿಂಗ್ ಸವೆಯುತ್ತದೆ, ಬೆಂಕಿಯ ಅಪಾಯವೂ ಇದೆ. ಪಂಪ್ ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಇದನ್ನು ಗಮನಿಸದೆ ಹೊಸ ಬೇರಿಂಗ್ ಹಾಕಿದರೆ ಅದೂ ಹೋಗುತ್ತದೆ.

ಗ್ಯಾಸ್ಕೆಟ್, ಸೀಲ್ ಎಲ್ಲ ಹೊಸತು. ಆದ್ರೂ ಸೋರ್ತದೆ.

ಎಂಜಿನ್ ಒಳಗಿನ ಗಾಳಿ ಹೊರಹೋಗುವ ದಾರಿ ಕಟ್ಟಿರಬಹುದು. ಆ ದಾರಿಯ ಬ್ರೀದರ್ ಪೈಪ್, ಪಿಸಿವಿ ವಾಲ್ವ್ ಮಡ್ಡಿಯಿಂದ ಮುಚ್ಚಿದರೆ ಒಳಗಿನ ಒತ್ತಡ ಸೀಲನ್ನು ಹೊರಗೆ ತಳ್ಳುತ್ತದೆ. ಮೊದಲು ಅದನ್ನು ಬಿಡಿಸಿ ತೊಳೆಯಿರಿ. ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನಿನಲ್ಲಿ ಕ್ರ್ಯಾಂಕಿನ ಹಿಂಬದಿಗೆ ರಬ್ಬರ್ ಸೀಲೇ ಇಲ್ಲ. ಆಯಿಲನ್ನು ಒಳಗೆ ತಿರುಗಿಸಿ ಕಳಿಸುವ ಸುರುಳಿ ಗೆರೆ ಮಾತ್ರ ಇದೆ. ಅಲ್ಲಿಂದ ಒಂದೆರಡು ಹನಿ ಬೀಳುವುದು ಅದರ ಸ್ವಭಾವ.

ಟಕಟಕ ಸದ್ದು ಟ್ಯಾಪೆಟ್‌ನದ್ದಾ, ಬೇರಿಂಗಿನದ್ದಾ?

ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದು ತೆಳು, ಮೇಲಿನಿಂದ ಕೇಳುತ್ತದೆ, ಎಂಜಿನ್ ವೇಗದ ಅರ್ಧ ಲಯದಲ್ಲಿರುತ್ತದೆ. ಬಿಗ್ ಎಂಡ್ (ಪಿಸ್ಟನ್ನಿನ ತೋಳು ಕ್ರ್ಯಾಂಕಿಗೆ ಸೇರುವ ಕಡೆಯ) ಬೇರಿಂಗಿನದು ದಪ್ಪ ಪೆಟ್ಟು, ಕೆಳಗಿನಿಂದ ಬರುತ್ತದೆ, ಭಾರ ಬಿದ್ದಾಗ ಏರುತ್ತದೆ. ಒಂದೊಂದೇ ಸಿಲಿಂಡರಿನ ಕೆಲಸ ನಿಲ್ಲಿಸಿ ಕೇಳಿ. ಯಾವುದನ್ನು ನಿಲ್ಲಿಸಿದಾಗ ಪೆಟ್ಟು ಇಳಿಯುತ್ತದೋ ಅಲ್ಲಿನ ಬೇರಿಂಗ್ ಹೋಗಿದೆ. ಇದು ಖಚಿತವಾದ ಮೇಲೆ ಮನೆವರೆಗೂ ಓಡಿಸಬೇಡಿ, ಎಳೆಸಿಕೊಂಡು ಬನ್ನಿ.

ಬೆಳಿಗ್ಗೆ ಮಾತ್ರ ಎರಡು-ಮೂರು ಸೆಕೆಂಡ್ ಟಕಟಕ ಎಂದು ನಿಂತರೆ ಫಿಲ್ಟರ್ ನೋಡಿ. ಒಳ್ಳೆ ಫಿಲ್ಟರಿನೊಳಗೆ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ನಕಲಿಯಲ್ಲಿ ಅದು ಸರಿಯಾಗಿ ಮುಚ್ಚುವುದಿಲ್ಲ.

## ಆಯಿಲ್ ಪ್ರೆಶರ್

ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್ ಲೈಟ್ ಮಿಣಮಿಣ ಮಾಡ್ತದೆ. ಪಂಪ್ ಹೋಗಿದೆಯಾ?

ಎಲ್ಲರೂ ಮೊದಲು ಪಂಪನ್ನೇ ಬೈಯುತ್ತಾರೆ. ಪಂಪ್ ಮಾಡುವುದು ಆಯಿಲ್ ತಳ್ಳುವ ಕೆಲಸ ಮಾತ್ರ. ಒತ್ತಡ ಬರುವುದು ಆ ಆಯಿಲ್ ಬೇರಿಂಗಿನ ಸಣ್ಣ ಸಂದಿಯಲ್ಲಿ ತೂರಿ ಹೋಗಲು ಕಷ್ಟಪಟ್ಟಾಗ. ಅಡಿಕೆ ತೋಟದಲ್ಲಿ ಪಂಪ್‌ಸೆಟ್ ಚೆನ್ನಾಗಿದ್ದರೂ ಪೈಪು ನಾಲ್ಕು ಕಡೆ ಒಡೆದಿದ್ದರೆ ಕೊನೆಯ ಸ್ಪ್ರಿಂಕ್ಲರ್ ತಿರುಗುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಆಯಿಲ್ ಎಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುತ್ತಿದೆ ಎಂದು ಹುಡುಕಬೇಕು.

ಮೊದಲ ಕೆಲಸ, ಲೈಟನ್ನು ನಂಬುವುದು ಬಿಡಿ. ಲೈಟಿನ ಸ್ವಿಚ್ ಸುಮಾರು 5 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸಿನಲ್ಲೇ ಆರಿಸಿಬಿಡುತ್ತದೆ. ಲೈಟ್ ಆರಿದೆ ಎಂದರೆ ಪ್ರೆಶರ್ ಸರಿ ಇದೆ ಎಂದಲ್ಲ. ಹಾಗೆಯೇ ಹಾಳಾದ ಸ್ವಿಚ್ ಸರಿಯಿರುವ ಎಂಜಿನಿನಲ್ಲೂ ಲೈಟ್ ಉರಿಸಬಹುದು. ಸ್ವಿಚ್ ತೆಗೆದು ಆ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿ. ಜಪಾನಿ ಮೂಲದ ಎಂಜಿನ್‌ಗಳಲ್ಲಿ ಇಲ್ಲಿ ಸಾಮಾನ್ಯವಾಗಿ ಇಂಚಿಗೆ 28 ಎಳೆಯ ಟೇಪರ್ ಥ್ರೆಡ್ ಇರುತ್ತದೆ. ಅಮೆರಿಕದ ಗೇಜಿನ ಜೊತೆ ಬರುವುದು 27 ಎಳೆಯದು. ನೋಡಲು ಒಂದೇ ಥರ ಕಾಣುತ್ತದೆ, ಬಲ ಹಾಕಿ ತಿರುಗಿಸಿದರೆ ಬ್ಲಾಕಿನ ಥ್ರೆಡ್ ಹೋಗುತ್ತದೆ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಪ್ರತಿ 1000 ಆರ್‌ಪಿಎಂಗೆ ಕಡೇಪಕ್ಷ 10 ಪಿಎಸ್‌ಐ ಬರಬೇಕು ಎನ್ನುವುದು ಹಳೆಯ ಲೆಕ್ಕ. ತಣ್ಣಗಿರುವಾಗಿನ ರೀಡಿಂಗ್ ನೋಡಿ ಖುಷಿಪಡಬೇಡಿ. ಆಗ ಆಯಿಲ್ ದಪ್ಪ ಇರುತ್ತದೆ, ಸವೆದ ಎಂಜಿನಿನಲ್ಲೂ ಮುಳ್ಳು ಚೆನ್ನಾಗಿ ಏರುತ್ತದೆ.

20ಡಬ್ಲ್ಯೂ-50 ಹಾಕಿದ್ರೆ ಸರಿ ಆಗ್ತದೆ ಹೇಳ್ತಾರೆ. ಹೌದಾ?

ಅದು ದಪ್ಪ ಆಯಿಲ್, ಹಾಕಿದರೆ ಗೇಜಿನ ಮುಳ್ಳು ಏರುತ್ತದೆ. ರೋಗ ವಾಸಿಯಾಗುವುದಿಲ್ಲ. ಸಂದಿ ದೊಡ್ಡದಾದ ಬೇರಿಂಗಿನಲ್ಲಿ ದಪ್ಪ ಆಯಿಲ್ ನಿಧಾನ ಸೋರುತ್ತದೆ, ಅಷ್ಟೇ. ಬೆಳಿಗ್ಗೆ ಮೇಲಿನ ಕ್ಯಾಮಿಗೆ ಅದು ತಲುಪಲು ಹೆಚ್ಚು ಹೊತ್ತು ಬೇಕು. ಕಾರನ್ನು ಇನ್ನೊಂದೆರಡು ತಿಂಗಳು ಎಳೆಯಬೇಕಾದ ಅನಿವಾರ್ಯ ಇದ್ದರೆ ಹಾಕಿ, ಅದರ ನಂತರ ಬಿಚ್ಚಲೇಬೇಕು. ಹೊಸದಾಗಿ ಕಟ್ಟಿದ ಎಂಜಿನಿಗೆ ಮ್ಯಾನುಯಲ್ ಹೇಳಿದ ಗ್ರೇಡೇ ಹಾಕಿ. ನಮ್ಮ ಕರಾವಳಿಯಲ್ಲಿ ಚಳಿ ಇಲ್ಲದ ಕಾರಣ ಹಳೆಯ 800ಕ್ಕೆ 20ಡಬ್ಲ್ಯೂ-40 ಕೂಡ ಚೆನ್ನಾಗಿ ನಡೆಯುತ್ತದೆ.

ಆಗುಂಬೆ ಹತ್ತುವಾಗ ತಿರುವಿನಲ್ಲಿ ಮಾತ್ರ ಲೈಟ್ ಬರ್ತದೆ.

ಸೋಮೇಶ್ವರದಿಂದ ಮೇಲೆ ಆ 14 ಹೇರ್‌ಪಿನ್ ತಿರುವುಗಳಲ್ಲಿ ಚೇಂಬರಿನ (ಎಂಜಿನ್ ಅಡಿಯ ಆಯಿಲ್ ತಟ್ಟೆಯ) ಆಯಿಲ್ ಒಂದು ಬದಿಗೆ, ಹಿಂದಕ್ಕೆ ಸರಿಯುತ್ತದೆ. ಆಯಿಲ್ ಕಡಿಮೆ ಇದ್ದರೆ ಸ್ಟ್ರೈನರಿನ (ಪಂಪ್ ಆಯಿಲ್ ಎಳೆಯುವ ಜಾಲರಿಯ) ಬಾಯಿ ತೆರೆದುಕೊಂಡು ಪಂಪ್ ಗಾಳಿ ಎಳೆಯುತ್ತದೆ. 800ರಲ್ಲಿ ಒಟ್ಟು ಆಯಿಲ್ ಇರುವುದೇ ಮೂರು ಲೀಟರಿನ ಆಸುಪಾಸು, ಅರ್ಧ ಲೀಟರ್ ಕಡಿಮೆಯಾದರೂ ವ್ಯತ್ಯಾಸ ದೊಡ್ಡದು. ಘಾಟಿಗೆ ಹೋಗುವ ಮೊದಲು ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ, ಮೇಲಿನ ಗುರುತಿನವರೆಗೆ ತುಂಬಿ. ಗುರುತು ಮೀರಿಸಬೇಡಿ. ಮೀರಿದರೆ ಕ್ರ್ಯಾಂಕ್ ಆಯಿಲಿಗೆ ಬಡಿದು ನೊರೆ ಬರುತ್ತದೆ, ನೊರೆಯಿಂದ ಪ್ರೆಶರ್ ಸಿಗುವುದಿಲ್ಲ.

ಲೆವೆಲ್ ಸರಿಯಿದ್ದೂ ಲೈಟ್ ಬಂದರೆ ಕೆಳಗೆ ಬಗ್ಗಿ ಚೇಂಬರ್ ನೋಡಿ. ಹಂಪ್‌ಗೋ ಕಲ್ಲಿಗೋ ತಾಗಿ ಅದು ತಗ್ಗಾಗಿದ್ದರೆ ಸ್ಟ್ರೈನರಿನ ಬಾಯಿ ಅರ್ಧ ಮುಚ್ಚಿರುತ್ತದೆ.

## ಬಿಚ್ಚಿದ ಮೇಲೆ

ಬಿಚ್ಚುವಾಗ ಏನೇನು ಗುರುತು ಮಾಡಬೇಕು?

ಬೇರಿಂಗ್ ಕ್ಯಾಪ್‌ಗಳನ್ನು (ಬೇರಿಂಗಿನ ಒಂದು ಅರ್ಧವನ್ನು ಹಿಡಿಯುವ ತುಂಡುಗಳನ್ನು) ಮುಖ್ಯವಾಗಿ. ಪ್ರತಿ ಕ್ಯಾಪನ್ನೂ ಅದರ ಜಾಗದಲ್ಲಿ, ಅದರ ದಿಕ್ಕಿನಲ್ಲಿ ಬಿಗಿದು ಕೊರೆದಿರುತ್ತಾರೆ. ಒಂದರ ಕ್ಯಾಪ್ ಇನ್ನೊಂದಕ್ಕೆ ಹೋದರೆ ಕ್ರ್ಯಾಂಕ್ ಹಿಡಿಯುತ್ತದೆ. 800ರ ಕ್ರ್ಯಾಂಕಿಗೆ ನಾಲ್ಕು ಮೇನ್ ಬೇರಿಂಗ್ (ಬ್ಲಾಕಿನಲ್ಲಿ ಕ್ರ್ಯಾಂಕನ್ನು ಹೊರುವವು). ಕ್ಯಾಪಿನ ಬಾಣ ಪುಲ್ಲಿಯ ಕಡೆಗೆ ಇರುತ್ತದೆ. ಕಾನ್‌ರಾಡಿನ (ಪಿಸ್ಟನ್ನಿನ ತೋಳಿನ) ಆಯಿಲ್ ತೂತು ಯಾವ ಬದಿಗಿತ್ತು, ರಾಕರ್ ಶಾಫ್ಟ್ (ವಾಲ್ವ್ ಒತ್ತುವ ರಾಕರ್‌ಗಳು ಕೂರುವ ದಂಡ) ಯಾವುದು ಎಲ್ಲಿತ್ತು, ತೂತು ಯಾವ ಕಡೆಗಿತ್ತು ಎಂದು ಫೋಟೊ ತೆಗೆದಿಡಿ. ರಾಕರಿಗೆ ಆಯಿಲ್ ಹೋಗುವುದು ಆ ಶಾಫ್ಟಿನ ಒಳಗಿಂದ.

ಹಳೆ ಬೇರಿಂಗ್ ಎಸೆಯುವುದಾ?

ಎಸೆಯುವ ಮೊದಲು ಸಾಲಾಗಿ ಜೋಡಿಸಿ, ಬೆಳಕಿನಲ್ಲಿ ನೋಡಿ. ಎಂಜಿನ್ ಹಾಳಾದ ಕಾರಣ ಅಲ್ಲೇ ಸಿಗುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಹೊತ್ತು ಇದು.

ಸುತ್ತ ಗೆರೆ ಗೀಚಿ, ನಡುವೆ ಸಣ್ಣ ಕಣಗಳು ಹುಗಿದಿದ್ದರೆ ಕೊಳೆ ಒಳಗೆ ಹೋಗಿದೆ. ಏರ್ ಫಿಲ್ಟರ್ ಸರಿಯಿರಲಿಲ್ಲ, ಇಲ್ಲವೇ ಹಿಂದಿನ ಸಲ ಕಟ್ಟಿದವರು ತೊಳೆದಿರಲಿಲ್ಲ. ಮೇಲ್ಮೈ ಕರಗಿ ಒರೆಸಿದಂತಾಗಿ, ನೀಲಿ-ಕಪ್ಪು ಬಣ್ಣ ಬಂದಿದ್ದರೆ ಆಯಿಲ್ ತಲುಪಿಲ್ಲ. ಒಂದೇ ಬೇರಿಂಗ್ ಹೀಗಾಗಿದ್ದರೆ ಅದಕ್ಕೆ ಹೋಗುವ ತೂತು ಕಟ್ಟಿದೆ. ಎಲ್ಲವೂ ಹೀಗಾಗಿದ್ದರೆ ಪಂಪು, ಸ್ಟ್ರೈನರ್ ಅಥವಾ ಆಯಿಲ್ ಲೆವೆಲ್. ಒಂದು ಅಂಚು ಮಾತ್ರ ಸವೆದಿದ್ದರೆ ಕಾನ್‌ರಾಡ್ ಬಾಗಿದೆ ಅಥವಾ ಜರ್ನಲ್ (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಭಾಗ) ಒಂದು ಬದಿಗೆ ಸಪೂರವಾಗಿದೆ. ಸಣ್ಣ ಸಣ್ಣ ಗುಳಿ ಬಿದ್ದು ಮಂಕಾಗಿದ್ದರೆ ತೇವ ಮತ್ತು ಹುಳಿಯಾದ ಹಳೆ ಆಯಿಲ್ ತಿಂದಿದೆ. ಮಳೆಗಾಲವಿಡೀ ನಿಂತ ಕಾರುಗಳಲ್ಲಿ ಇದು ಜಾಸ್ತಿ. ಬೇರಿಂಗಿನ ಬೆನ್ನು ಹೊಳೆಯುತ್ತಿದ್ದರೆ ಅದು ಕೂತ ಜಾಗದಲ್ಲೇ ಅಲ್ಲಾಡಿದೆ, ಕ್ಯಾಪ್ ಬಿಗಿ ಸಾಲದಾಗಿತ್ತು.

ಕಾರಣ ಹುಡುಕದೆ ಹೊಸ ಸೆಟ್ ಹಾಕಿದರೆ ಅದೇ ಗುರುತು ಹೊಸದರ ಮೇಲೂ ಬೀಳುತ್ತದೆ.

ಲೇತಿಗೆ ಕೊಡುವಾಗ ಎಂತ ಹೇಳಬೇಕು?

ಬೋರಿಗೆ ಕೊಡುವ ಮೊದಲು ಓವರ್‌ಸೈಜ್ (ಮೂಲ ಅಳತೆಗಿಂತ ದೊಡ್ಡ) ಪಿಸ್ಟನ್ ತೆಗೆದುಕೊಂಡು, ಪಿಸ್ಟನ್ ಸಮೇತ ಕೊಡಿ. ಪ್ರತಿ ಪಿಸ್ಟನ್ ಅಳೆದು, ಅದಕ್ಕೆ ಬೇಕಾದ ಸಂದಿ ಬಿಟ್ಟು ಕೊರೆಯಲಿ. 0.25 ಮಿ.ಮೀ. ದೊಡ್ಡದು ಸಾಕಾದರೆ 0.50ಕ್ಕೆ ಹೋಗಬೇಡಿ, ಮುಂದಿನ ಸಲಕ್ಕೆ ಬ್ಲಾಕಿನಲ್ಲಿ ಉಳಿದಿರಲಿ. ಕೊನೆಯಲ್ಲಿ ಹೋನಿಂಗಿನ ಅಡ್ಡ ಗೆರೆಗಳು ಸ್ಪಷ್ಟ ಕಾಣಬೇಕು. ಆಯಿಲ್ ಹಿಡಿದಿಟ್ಟು ರಿಂಗ್ ಕೂರಿಸುವುದು ಅವೇ.

ಕ್ರ್ಯಾಂಕ್ ಜರ್ನಲನ್ನು ನೀವೇ ಎರಡು ದಿಕ್ಕಿನಲ್ಲಿ ಅಳೆಯಿರಿ. ವ್ಯತ್ಯಾಸ 0.01 ಮಿ.ಮೀ. ದಾಟಿದರೆ ಗ್ರೈಂಡಿಂಗ್ ಬೇಕು. ಮೂಲೆಯ ದುಂಡು ಹಾಗೇ ಉಳಿಯಬೇಕು, ಚೂಪು ಮೂಲೆ ಮಾಡಿದರೆ ಕ್ರ್ಯಾಂಕ್ ಅಲ್ಲಿ ಬಿರುಕು ಬಿಡುತ್ತದೆ. ಆಯಿಲ್ ತೂತಿನ ಅಂಚು ಮೆಲ್ಲಗೆ ಇಳಿಜಾರಾಗಿರಬೇಕು. ಈ ಎರಡು ಮಾತನ್ನು ಕೊಡುವಾಗಲೇ ಹೇಳಿ, ತರುವಾಗ ಬೆರಳಾಡಿಸಿ ನೋಡಿ.

ಲೇತಿನವರೇ ತೊಳೆದು ಕೊಡ್ತಾರಲ್ಲ, ಮತ್ತೆ ಯಾಕೆ ತೊಳೆಯುವುದು?

ಅವರು ತೊಳೆಯುವುದು ಕಣ್ಣಿಗೆ ಕಾಣುವ ಕೊಳೆ. ಹೋನಿಂಗ್ ಕಲ್ಲಿನ ಪುಡಿ ಗೆರೆಗಳ ಒಳಗೆ ಕೂತಿರುತ್ತದೆ. ಪೆಟ್ರೋಲ್, ಸೀಮೆ ಎಣ್ಣೆಯಿಂದ ಅದು ಹೋಗುವುದಿಲ್ಲ. ಬಿಸಿನೀರು, ಪಾತ್ರೆ ತೊಳೆಯುವ ಸಾಬೂನು, ಗಟ್ಟಿ ಬ್ರಶ್ ಬೇಕು. ಆಮೇಲೆ ಆಯಿಲ್ ಸವರಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ಬಿಳಿಯಾಗೇ ಉಳಿದ ಕೂಡಲೇ ನೀರು ಒಣಗಿಸಿ ಆಯಿಲ್ ಬಳಿಯಿರಿ.

ಬ್ಲಾಕಿನ ಆಯಿಲ್ ಗ್ಯಾಲರಿ (ಒಳಗೆ ಆಯಿಲ್ ಹರಿಯುವ ದಾರಿ) ಇನ್ನೂ ಮುಖ್ಯ. ಅದರ ತುದಿಯ ಪ್ಲಗ್ ತೆಗೆದು, ಉದ್ದದ ಬಾಟಲಿ ಬ್ರಶ್ ಹಾಕಿ ಎಳೆದು, ಕಂಪ್ರೆಸರ್ ಗಾಳಿ ಬಿಡಿ. ಕ್ರ್ಯಾಂಕಿನ ಒಳಗಿನ ದಾರಿಗೂ ಹಾಗೇ. ಗ್ರೈಂಡಿಂಗ್ ಆದ ಕ್ರ್ಯಾಂಕಿನ ತೂತಿನಲ್ಲಿ ಕಬ್ಬಿಣದ ಪುಡಿ ಇದ್ದೇ ಇರುತ್ತದೆ. ಅದು ಫಿಲ್ಟರ್ ದಾಟಿದ ಮೇಲಿನ ದಾರಿ, ಅಲ್ಲಿ ಉಳಿದದ್ದು ನೇರ ಹೊಸ ಬೇರಿಂಗಿಗೆ ಹೋಗುತ್ತದೆ.

ಹಳೆ ಆಯಿಲ್ ಎಲ್ಲಿ ಹಾಕುವುದು? ಬೇಲಿಯ ಗೂಟಕ್ಕೆ ಬಳಿಯಬಹುದಾ?

ಬೇಡ. ನಮ್ಮದು ಜಂಬಿಟ್ಟಿಗೆ ನೆಲ, ಮೇಲೆ ಸುರಿದದ್ದು ಬೇಗ ಕೆಳಗಿಳಿಯುತ್ತದೆ. ಮನೆಗೊಂದು ಬಾವಿ ಇರುವ ಊರು. ಡಬ್ಬಿಯಲ್ಲಿ ತುಂಬಿಟ್ಟು, ಹಳೆ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಸರ್ವಿಸ್ ಸ್ಟೇಷನ್‌ಗೆ ಕೊಡಿ.

## ಕಟ್ಟುವಾಗ

ಬೇರಿಂಗ್ ಸಂದಿ ಸರಿ ಉಂಟು ಅಂತ ಹೇಗೆ ಗೊತ್ತಾಗುವುದು?

ಇಂಥ ಸಣ್ಣ ಎಂಜಿನಿನಲ್ಲಿ ಹೊಸ ಬೇರಿಂಗಿನ ಸಂದಿ ಸುಮಾರು 0.02ರಿಂದ 0.05 ಮಿ.ಮೀ. ಜರ್ನಲ್ ಒರೆಸಿ, ಪ್ಲಾಸ್ಟಿಗೇಜ್ ಎಳೆ ಇಟ್ಟು, ಕ್ಯಾಪ್ ಹಾಕಿ ಪೂರ್ತಿ ಟಾರ್ಕಿಗೆ ಬಿಗಿಯಿರಿ. ಕ್ರ್ಯಾಂಕ್ ಸ್ವಲ್ಪವೂ ತಿರುಗಬಾರದು. ಮತ್ತೆ ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲವನ್ನು ಪೊಟ್ಟಣದ ಮೇಲಿನ ಅಳತೆಗೆ ಹೋಲಿಸಿ. ಪ್ರತಿ ಜರ್ನಲ್ಲಿಗೂ ಮಾಡಿ. ಬೇಸರ ಬರುತ್ತದೆ, ಆದರೂ ಮಾಡಿ.

ಇನ್ನೊಂದು ಮಾತು. ಮೇನ್ ಬೇರಿಂಗಿನ ಎರಡು ಅರ್ಧಗಳು ಒಂದೇ ಥರ ಅಲ್ಲ. ತೂತು ಮತ್ತು ಗ್ರೂವ್ ಇರುವುದು ಬ್ಲಾಕಿನ ಕಡೆಗೆ, ನಯವಾದದ್ದು ಕ್ಯಾಪಿಗೆ. ಅದಲುಬದಲಾದರೆ ಗ್ಯಾಲರಿಯ ಬಾಯಿ ಮುಚ್ಚಿ, ಆ ಜರ್ನಲ್ಲಿಗೆ ಆಯಿಲ್ ಬರುವುದೇ ಇಲ್ಲ. ತ್ರಸ್ಟ್ ವಾಷರಿನ (ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಬಿಲ್ಲೆಯ) ಗ್ರೂವ್ ಕ್ರ್ಯಾಂಕಿನ ಕಡೆಗೆ ಮುಖ ಮಾಡಿರಬೇಕು.

ರಿಂಗ್ ಗ್ಯಾಪ್ ನೋಡಲೇಬೇಕಾ? ಸೆಟ್ ಹೊಸತಲ್ವಾ?

ನೋಡಲೇಬೇಕು. ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ನೇರಕ್ಕೆ ತಳ್ಳಿ, ರಿಂಗಿನ ಎರಡು ತುದಿಗಳ ನಡುವೆ ಫೀಲರ್ ಗೇಜ್ ಹಾಕಿ. ಗ್ಯಾಪ್ ಸಾಲದಿದ್ದರೆ ಬಿಸಿಯಲ್ಲಿ ತುದಿಗಳು ಗುದ್ದಿ ರಿಂಗ್ ಮುರಿಯುತ್ತದೆ. ರಿಂಗಿನ ಮೇಲೆ ಅಕ್ಷರ ಇರುವ ಬದಿ ಮೇಲಕ್ಕೆ ಬರಲಿ. ಬಾಯಿಗಳು ಒಂದರ ಮೇಲೊಂದು ಬರದಂತೆ ಸುತ್ತ ಹಂಚಿ.

ಗ್ಯಾಸ್ಕೆಟ್ ಪೇಸ್ಟ್ ಜಾಸ್ತಿ ಹಾಕಿದ್ರೆ ಸೋರುವುದಿಲ್ಲ ಅಲ್ವಾ?

ಹೊರಗೆ ಎಷ್ಟು ಉಬ್ಬಿ ಬರುತ್ತದೋ ಒಳಗೂ ಅಷ್ಟೇ ಉಬ್ಬುತ್ತದೆ. ಒಳಗಿನದು ತುಂಡಾಗಿ ಬಿದ್ದು ಸ್ಟ್ರೈನರ್ ಜಾಲರಿಗೆ ಅಂಟುತ್ತದೆ. ಸಪೂರ ಗೆರೆ ಸಾಕು. ಸೀಲ್ ಕೂರುವ ಮೂಲೆಗಳಲ್ಲಿ ಮಾತ್ರ ಒಂದು ಹನಿ ಹೆಚ್ಚು.

ಆಯಿಲ್ ಪಂಪನ್ನು ಹೇಗೆ ನೋಡುವುದು?

800ರಲ್ಲಿ ಅದು ಕ್ರ್ಯಾಂಕಿನ ಮುಂದಿನ ತುದಿಯಲ್ಲಿ, ಪುಲ್ಲಿಯ ಹಿಂದೆ ಇದೆ. ಬಿಚ್ಚಿ ರೋಟರಿನ (ಒಳಗೆ ತಿರುಗಿ ಆಯಿಲ್ ತಳ್ಳುವ ಭಾಗದ) ಬದಿಯ ಸಂದಿ, ಮೇಲಿನ ಸಂದಿ ಎರಡನ್ನೂ ಫೀಲರ್ ಗೇಜಿನಲ್ಲಿ ಅಳೆಯಿರಿ. ಒಳಗೆ ಗೀರು ಇದ್ದರೆ ಬದಲಿಸಿ. ರಿಲೀಫ್ ವಾಲ್ವ್ (ಹೆಚ್ಚಾದ ಒತ್ತಡ ಬಿಡುವುದು) ಕೈಯಲ್ಲಿ ಒತ್ತಿದಾಗ ಸಲೀಸಾಗಿ ಹೋಗಿ ಬರಬೇಕು. ಒಂದು ಕಣ ಸಿಕ್ಕಿ ಅದು ತೆರೆದೇ ನಿಂತರೆ ಆಯಿಲ್ ವಾಪಸ್ ಚೇಂಬರಿಗೆ ಹರಿಯುತ್ತದೆ. ಸ್ಟ್ರೈನರ್ ಪೈಪಿನ ಓ-ರಿಂಗ್ ಹೊಸದೇ ಹಾಕಿ. ಅಲ್ಲಿ ಗಾಳಿ ಎಳೆದರೆ ಪಂಪ್ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ.

ಕೂರಿಸುವಾಗ ರೋಟರ್ ಸುತ್ತ ಪೆಟ್ರೋಲಿಯಂ ಜೆಲ್ಲಿ ತುಂಬಿ. ಒಣ ಪಂಪ್ ಆಯಿಲ್ ಎಳೆಯಲು ತಡಮಾಡುತ್ತದೆ. ಜೆಲ್ಲಿ ಆಮೇಲೆ ಆಯಿಲಿನಲ್ಲಿ ಕರಗುತ್ತದೆ. ಗ್ರೀಸ್ ಹಾಕಬೇಡಿ.

## ಸ್ಟಾರ್ಟ್ ಮಾಡಿದ ಮೇಲೆ

ಮೊದಲ ಸಲ ಸ್ಟಾರ್ಟ್ ಮಾಡುವಾಗ ಎಂತ ಜಾಗ್ರತೆ?

ಸ್ಟಾರ್ಟ್ ಆಗುವ ಮೊದಲೇ ಪ್ರೆಶರ್ ಬರಬೇಕು. ಫಿಲ್ಟರಿಗೆ ಆಯಿಲ್ ತುಂಬಿ ಹಾಕಿ. ಪ್ಲಗ್ ತೆಗೆದಿಟ್ಟು, ಇಗ್ನಿಷನ್ ಬಿಡಿಸಿ, ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ನಡುವೆ ಮೋಟಾರಿಗೆ ವಿಶ್ರಾಂತಿ ಕೊಡಿ. ಗೇಜಿನ ಮುಳ್ಳು ಏರಿ, ಮೇಲೆ ಕ್ಯಾಮಿನ ಹತ್ತಿರ ಆಯಿಲ್ ಕಂಡ ಮೇಲೆಯೇ ಪ್ಲಗ್ ಹಾಕಿ. ಸ್ಟಾರ್ಟ್ ಆದ ಮೇಲೆ ಐಡಲ್‌ನಲ್ಲಿ ಬಿಟ್ಟು ಪೂಜೆ ಮಾಡುತ್ತಾ ಕೂರಬೇಡಿ. ಸೋರಿಕೆ ನೋಡಿ, ರಸ್ತೆಗೆ ತನ್ನಿ. ಪದ್ಮಿನಿ, ಅಂಬಾಸಿಡರಿಗೆ ಹೊಸ ಕ್ಯಾಮ್ ಹಾಕಿದ್ದರೆ ಮಾತ್ರ ಮೊದಲ 20 ನಿಮಿಷ 2000 ಆರ್‌ಪಿಎಂ ಆಸುಪಾಸಿನಲ್ಲೇ ಇಡಿ. ಆ ಕ್ಯಾಮಿಗೆ ಆಯಿಲ್ ಸಿಗುವುದು ಕ್ರ್ಯಾಂಕ್ ಎರಚಿದಾಗ.

ರನ್ನಿಂಗ್ ಇನ್ ಅಂತ 40ರಲ್ಲೇ ಓಡಿಸಬೇಕಾ?

ತೀರಾ ಮೆಲ್ಲಗೆ ಓಡಿಸಿದರೆ ರಿಂಗ್ ಕೂರುವುದಿಲ್ಲ, ಬೋರ್ ನುಣುಪಾಗಿ ಆಯಿಲ್ ಕುಡಿಯಲು ಶುರುಮಾಡುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೆಳಿಗ್ಗೆ ಬೇಗ ಹೊರಡಿ. ಮೂರನೇ, ನಾಲ್ಕನೇ ಗೇರಿನಲ್ಲಿ ಅರ್ಧ-ಮುಕ್ಕಾಲು ಒತ್ತಿ ವೇಗ ಏರಿಸಿ, ಕಾಲು ತೆಗೆದು ಗೇರಿನಲ್ಲೇ ಇಳಿಸಿ. ಇದನ್ನು ಮತ್ತೆ ಮತ್ತೆ ಮಾಡಿ. ಒಂದೇ ವೇಗದಲ್ಲಿ ಹೆಚ್ಚು ಹೊತ್ತು ಬೇಡ. ಮೊದಲ 1000 ಕಿ.ಮೀ.ವರೆಗೆ ಘಾಟಿ, ತುಂಬಿದ ಕಾರು ಬೇಡ. ಮಾಮೂಲಿ ಮಿನರಲ್ ಆಯಿಲ್ ಹಾಕಿ, 500 ಕಿ.ಮೀ.ಗೆ ಫಿಲ್ಟರ್ ಸಮೇತ ಬದಲಿಸಿ. ಹಳೆ ಫಿಲ್ಟರ್ ಕತ್ತರಿಸಿ, ಕಾಗದ ಬಿಡಿಸಿ ನೋಡಿ. ಸ್ವಲ್ಪ ಸಣ್ಣ ಪುಡಿ ಸಹಜ. ಹೊಳೆಯುವ ಚಕ್ಕೆ ಕಂಡರೆ ನಿಲ್ಲಿಸಿ, ಚೇಂಬರ್ ಇಳಿಸಿ.

ಎಲ್ಲ ಹೊಸತು ಹಾಕಿ ಕಟ್ಟಿದ್ದೇನೆ. ಆದ್ರೂ ಬಿಸಿಯಾದ ಮೇಲೆ ಪ್ರೆಶರ್ ಬೀಳ್ತದೆ. ಇನ್ನು ಎಂತ ಮಾಡುವುದು?

ಹೊರಗಿನಿಂದ ಒಳಗೆ ಬನ್ನಿ. ಇನ್ನೊಂದು ಗೇಜ್ ಹಾಕಿ ರೀಡಿಂಗ್ ಖಚಿತ ಮಾಡಿಕೊಳ್ಳಿ. ಫಿಲ್ಟರ್ ಬದಲಿಸಿ. ಆಯಿಲ್ ಮೂಸಿ, ಪೆಟ್ರೋಲ್ ಸೇರಿದೆಯೇ ನೋಡಿ. ಆಮೇಲೆ ಚೇಂಬರ್ ಇಳಿಸಿ ಸ್ಟ್ರೈನರಿನ ಓ-ರಿಂಗ್, ಜಾಲರಿ ನೋಡಿ. ಎಂಜಿನ್ ತಣ್ಣಗಿರುವಾಗಲೂ ಮುಳ್ಳು ತಡವಾಗಿ ಏರಿ, ಓಡುತ್ತಾ ಅಲ್ಲಾಡುತ್ತಿದ್ದರೆ ಪಂಪ್ ಗಾಳಿ ಎಳೆಯುತ್ತಿರುವ ಲಕ್ಷಣ. ತಣ್ಣಗೆ ಚೆನ್ನಾಗಿದ್ದು ಬಿಸಿಗೆ ನಿಧಾನ ಇಳಿದರೆ ಎಲ್ಲೋ ಸಂದಿ ದೊಡ್ಡದಿದೆ.

ಚೇಂಬರ್ ಇಳಿಸಿದಾಗ ಸಿಗುವ ಒಂದು ಪರೀಕ್ಷೆ ಇದೆ. ಸ್ವಿಚ್ಚಿನ ತೂತಿನಿಂದ ಕೈಪಂಪಿನಲ್ಲಿ ಒಳಗೆ ಆಯಿಲ್ ತಳ್ಳಿ, ಕೆಳಗೆ ಮಲಗಿ ನೋಡಿ. ಸರಿಯಿರುವ ಬೇರಿಂಗಿನಿಂದ ಹನಿ ಹನಿ ಬೀಳುತ್ತದೆ. ಸಂದಿ ಜಾಸ್ತಿ ಇರುವಲ್ಲಿ ಧಾರೆಯಾಗಿ ಸುರಿಯುತ್ತದೆ. ಕ್ರ್ಯಾಂಕನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಎಲ್ಲವನ್ನೂ ನೋಡಿ. ಗ್ಯಾಲರಿಯ ಪ್ಲಗ್ ಹಾಕಲು ಮರೆತಿದ್ದರೆ ಅದೂ ಇಲ್ಲೇ ಗೊತ್ತಾಗುತ್ತದೆ.

ಕೆಳಗೆ ಎಲ್ಲ ಸರಿಯಿದ್ದರೆ ಹೆಡ್ ಬಿಚ್ಚಿ. ಈ ಎಂಜಿನಿನಲ್ಲಿ ಕ್ಯಾಮಿಗೆ ಬೇರೆ ಬೇರಿಂಗ್ ಇಲ್ಲ, ಹೆಡ್ಡಿನ ಅಲ್ಯುಮಿನಿಯಮ್ ಮೇಲೇ ನೇರ ತಿರುಗುತ್ತದೆ. ಹಿಂದೆ ಎಂದೋ ಆಯಿಲ್ ಇಲ್ಲದೆ ಓಡಿದ್ದರೆ ಆ ತೂತುಗಳು ಸವೆದು ದೊಡ್ಡದಾಗಿರುತ್ತವೆ. ರಾಕರ್ ಮತ್ತು ಶಾಫ್ಟಿನ ನಡುವಿನ ಸಂದಿಯನ್ನೂ ಅಳೆಯಿರಿ, ಅಲ್ಲಿಂದಲೂ ತುಂಬಾ ಆಯಿಲ್ ಹೋಗುತ್ತದೆ. ರಾಕರ್, ಶಾಫ್ಟ್ ಬದಲಿಸಬಹುದು. ಕ್ಯಾಮ್ ಕೂರುವ ಜಾಗವೇ ಮಿತಿ ಮೀರಿ ಸವೆದಿದ್ದರೆ ಬೇರೆ ಹೆಡ್ ಹುಡುಕಿ. ತೆಗೆದುಕೊಳ್ಳುವ ಮೊದಲು ನಿಮ್ಮ ಕ್ಯಾಮನ್ನು ಅದರಲ್ಲಿ ಕೂರಿಸಿ, ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಆಟ ಕೈಗೆ ಗೊತ್ತಾಗುವಷ್ಟಿದ್ದರೆ ಆ ಹೆಡ್ ಬೇಡ.